ವಿರತಿ: ಮಾಡಬಲ್ಲದ್ದನ್ನು ಮಾಡದೆ ನಿಲ್ಲುವುದು

ಮಾಡಬಲ್ಲ ಕೆಲಸವನ್ನು, ಅದರ ಸಂದರ್ಭ ಎದುರಿಗೇ ಇರುವಾಗ, ಮಾಡೆನೆಂದು ನಿಲ್ಲುವುದು ವಿರತಿ. ಜೈನರೂ ಬೌದ್ಧರೂ ಈ ಹೆಸರನ್ನು ಬಳಸುತ್ತಾರೆ. ಮೀಮಾಂಸಕರು ಮತ್ತು ವೇದಾಂತಿಗಳ ಬರಹದಲ್ಲಿ ಹೆಚ್ಚಾಗಿ ಕಾಣುವುದು ನಿವೃತ್ತಿ. ಮನೆಮಾತಿನಲ್ಲಿ ಇದನ್ನೇ ನೇಮ ಹಿಡಿಯುವುದು, ವ್ರತ ಹಿಡಿಯುವುದು ಎನ್ನುತ್ತಾರೆ. ಹೆಸರು ಯಾವುದಾದರೂ ಅದು ಎಬ್ಬಿಸುವ ಪ್ರಶ್ನೆ ಒಂದೇ: ಏನನ್ನೋ ಮಾಡದಿರುವುದರಿಂದ ಪುಣ್ಯವಾಗಲಿ ಪಾಪವಾಗಲಿ ಹುಟ್ಟುವುದು ಹೇಗೆ? ಕಲ್ಲು ಯಾರನ್ನೂ ಕೊಲ್ಲುವುದಿಲ್ಲ. ಗಾಢನಿದ್ದೆಯಲ್ಲಿರುವ ಕಟುಕನೂ ಆ ಹೊತ್ತಿನಲ್ಲಿ ಕೊಲ್ಲುತ್ತಿಲ್ಲ. ಅಹಿಂಸೆಯ ವ್ರತ ಹಿಡಿದವನೂ ಕೊಲ್ಲುತ್ತಿಲ್ಲ. ಹೊರಗಿನಿಂದ ನೋಡುವವರಿಗೆ ಮೂರೂ ಕಡೆ ಕಾಣುವುದು ಕೊಲೆಯ ಅಭಾವವೇ. ಹಾಗಿದ್ದೂ ಮೂರನೆಯದನ್ನು ಮಾತ್ರ ಧರ್ಮ ಎನ್ನಬೇಕಾದರೆ ಅದಕ್ಕೆ ಕಾರಣ ತೋರಿಸಬೇಕು. ಭಾರತದ ದರ್ಶನಗಳು ಈ ಕಾರಣವನ್ನು ಬಹಳ ಸೂಕ್ಷ್ಮವಾಗಿ ಹುಡುಕಿವೆ, ಬೇರೆ ಬೇರೆ ಕಡೆ ಕಂಡುಕೊಂಡಿವೆ.

ಮೊದಲು ಒಪ್ಪಿಕೊಳ್ಳಬೇಕಾದ ಷರತ್ತು ಸಾಮರ್ಥ್ಯ. ಫಿನ್ಲೆಂಡಿನ ತತ್ತ್ವಜ್ಞಾನಿ ಜಾರ್ಜ್ ಹೆನ್ರಿಕ್ ಫಾನ್ ರಿಕ್ಟ್ 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ನೇರವಾಗಿ ಹೇಳಿದ್ದಾನೆ: ಮಾಡಲು ಶಕ್ತನಾಗಿದ್ದೂ ಮಾಡದವನೇ ತಡೆದುಕೊಂಡವನು. ಈ ಷರತ್ತನ್ನು ಮರೆತರೆ ದೊಡ್ಡ ಅನ್ಯಾಯವೇ ಆಗುತ್ತದೆ. ಮನೆಯಲ್ಲಿ ಅಕ್ಕಿಯಿಲ್ಲದೆ ರಾತ್ರಿ ಹಸಿದು ಮಲಗುವವಳು ಉಪವಾಸವ್ರತ ಮಾಡುತ್ತಿಲ್ಲ. ಕೊಳ್ಳಲಾಗದ ಬಟ್ಟೆಯನ್ನು ತೊಡದವನು ಅಪರಿಗ್ರಹಿಯಲ್ಲ. ಇಲ್ಲದವರ ಇಲ್ಲದಿರುವಿಕೆಯನ್ನು ಸಂಯಮವೆಂದು ಹೊಗಳುವುದು ಉಳ್ಳವರ ಬಾಯಲ್ಲಿ ಸುಲಭವಾಗಿ ಬರುವ ಮಾತು. ಯಾವ ಶಾಸ್ತ್ರವೂ ಅದಕ್ಕೆ ಬೆಂಬಲ ಕೊಡುವುದಿಲ್ಲ.

ಆದರೆ ಸಾಮರ್ಥ್ಯವೊಂದೇ ಸಾಲದು. ಮಲಗಿರುವ ಕಟುಕನಿಗೂ ಕೊಲ್ಲುವ ಸಾಮರ್ಥ್ಯವಿದೆ. ಮುಂದಿನ ಹೆಜ್ಜೆಯನ್ನು ಬಹು ಸ್ಪಷ್ಟವಾಗಿ ಇಟ್ಟವರು ಮೀಮಾಂಸಕರು. ವೇದವಾಕ್ಯಗಳ ಅರ್ಥವನ್ನು ನಿಶ್ಚಯಿಸುವುದು ಅವರ ಕಸುಬಾದ್ದರಿಂದ ಅವರ ಚರ್ಚೆ ವ್ಯಾಕರಣದಿಂದಲೇ ಆರಂಭವಾಗುತ್ತದೆ. ವಿಧಿವಾಕ್ಯ ಕೇಳಿದವನನ್ನು ಕೆಲಸಕ್ಕೆ ಹಚ್ಚುತ್ತದೆ. ಅದಕ್ಕೆ ನಿಷೇಧದ ನಕಾರ ಸೇರಿದಾಗ ಹಚ್ಚುವ ಶಕ್ತಿ ತಿರುಗಿಸುವ ಶಕ್ತಿಯಾಗುತ್ತದೆ. ಹೊರಟವನನ್ನು ಅದು ಹಿಂದಕ್ಕೆ ಕರೆಯುತ್ತದೆ. ಅವರು ಸದಾ ಕೊಡುವ ಉದಾಹರಣೆ ಕಲಂಜವೆಂಬ ನಿಷಿದ್ಧ ಆಹಾರದ್ದು. ಅದನ್ನು ತಿನ್ನಬಾರದೆಂಬ ಮಾತಿಗೆ ಅರ್ಥ ಬರುವುದು ತಿನ್ನುವ ಬಯಕೆಯಿಂದ ಕೈ ಚಾಚಿದವನ ವಿಷಯದಲ್ಲಿ. ಬಯಕೆಯೇ ಇಲ್ಲದವನನ್ನು ತಿರುಗಿಸುವುದು ಎಲ್ಲಿಂದ? ಹೀಗೆ ನಿಷೇಧವನ್ನು ಪಾಲಿಸಿದವನಿಗೆ ಬರಬಹುದಾಗಿದ್ದ ಕೇಡು ತಪ್ಪುತ್ತದೆ, ಅಷ್ಟೆ. ಹೊಸ ಪುಣ್ಯವೇನೂ ಹುಟ್ಟುವುದಿಲ್ಲ.

ಇದಕ್ಕೆ ಅವರೇ ಒಂದು ಅಪವಾದವನ್ನು ಗುರುತಿಸಿದರು. ವಿದ್ಯಾಭ್ಯಾಸ ಮುಗಿಸಿದ ಸ್ನಾತಕನಿಗೆ ಪ್ರಜಾಪತಿವ್ರತಗಳೆಂಬ ಕೆಲವು ನಿಯಮಗಳಿವೆ. ಉದಯಿಸುವ ಸೂರ್ಯನನ್ನು ನೋಡಬಾರದು, ಮುಳುಗುವ ಸೂರ್ಯನನ್ನೂ ನೋಡಬಾರದು ಎಂಬುದು ಅವುಗಳಲ್ಲಿ ಸೇರಿದೆ. ಈ ವಾಕ್ಯವೂ ನಕಾರದ್ದೇ. ಆದರೆ ಪ್ರಕರಣ ಶುರುವಾಗುವುದು ಇವು ಅವನ ವ್ರತಗಳು ಎಂಬ ಮಾತಿನಿಂದ. ವ್ರತವೆಂದರೆ ಅನುಷ್ಠಾನ, ಮಾಡಬೇಕಾದ್ದು. ಆದ್ದರಿಂದ ಇಲ್ಲಿ ನಕಾರವನ್ನು ವಿಧಿಯ ಜೊತೆ ಕೂಡಿಸದೆ ನೋಡುವ ಕ್ರಿಯೆಯ ಜೊತೆ ಕೂಡಿಸಬೇಕು. ಆಗ ವಾಕ್ಯ ವಿಧಿಸುವುದು ನೋಡೆನೆಂಬ ಸಂಕಲ್ಪವನ್ನು. ಸಂಕಲ್ಪ ಮನಸ್ಸು ಮಾಡುವ ಕೆಲಸ. ಅದು ಭಾವರೂಪದ್ದು, ಅದಕ್ಕೆ ಫಲವೂ ಉಂಟು. ಇದಕ್ಕೆ ಪರ್ಯುದಾಸವೆಂದು ಹೆಸರು. ಒಂದು ನಕಾರ ಎಲ್ಲಿ ಕೂಡಿಕೊಳ್ಳುತ್ತದೆ ಎಂಬ ಒಣ ಪ್ರಶ್ನೆಯಿಂದ ಹೊರಟು, ಬೇಡವೆಂದು ತಡೆಸಿಕೊಂಡವನಿಗೂ ಬಿಡುತ್ತೇನೆಂದು ಕಟ್ಟಿಕೊಂಡವನಿಗೂ ಇರುವ ಅಂತರವನ್ನು ಈ ಪಂಡಿತರು ಎತ್ತಿ ತೋರಿಸಿದ ರೀತಿ ನಿಜಕ್ಕೂ ದೊಡ್ಡದು.

ಈ ಅಂತರ ಇಂದಿಗೂ ಅಡುಗೆಮನೆಯಲ್ಲಿ ಕಾಣುತ್ತದೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಕ್ರಮವಾಗಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ನಡೆಯುತ್ತವೆ. ಮೊದಲ ತಿಂಗಳು ತರಕಾರಿಯಿಲ್ಲ; ಹುಣಸೆಹಣ್ಣು, ಮೆಣಸಿನಕಾಯಿಯ ಜಾಗಕ್ಕೆ ಮಾವಿನಹುಳಿ, ಕಾಳುಮೆಣಸು ಬರುತ್ತವೆ. ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ತರಕಾರಿ ತಿನ್ನುವುದು ಪಾಪವೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಮುಂದಿನ ತಿಂಗಳು ಅದೇ ತರಕಾರಿ ಮಡಿಯಲ್ಲೇ ಬೇಯುತ್ತದೆ. ಕೆಟ್ಟದ್ದನ್ನು ದೂರವಿಡುವ ನಿಷೇಧ ಇದಲ್ಲ. ಒಳ್ಳೆಯದನ್ನೇ, ಇಷ್ಟು ದಿನಕ್ಕೆಂದು ಗಡಿ ಹಾಕಿ ದೇವರ ಹೆಸರಿನಲ್ಲಿ ಬಿಡುವ ಸಂಕಲ್ಪ.

ವಿರತಿಯನ್ನು ಧರ್ಮದ ನಡುಮನೆಯಲ್ಲಿಟ್ಟವರು ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಮೊದಲ ಸೂತ್ರದಲ್ಲೇ ಹಿಂಸೆ, ಸುಳ್ಳು, ಕಳವು, ಅಬ್ರಹ್ಮ, ಪರಿಗ್ರಹ ಈ ಐದರಿಂದ ವಿರತನಾಗುವುದೇ ವ್ರತ ಎಂದು ವ್ಯಾಖ್ಯೆ ಕೊಡುತ್ತದೆ. ಪೂರ್ಣವಾಗಿ ವಿರತನಾದರೆ ಮಹಾವ್ರತ, ಅದು ಮುನಿಗಳದು. ಭಾಗಶಃ ಆದರೆ ಅಣುವ್ರತ, ಅದು ಶ್ರಾವಕರದು. ಇದಕ್ಕಿಂತ ದಿಟ್ಟವಾದ ಮಾತು ಎಂಟನೆಯ ಅಧ್ಯಾಯದ ಆರಂಭದಲ್ಲಿದೆ. ಕರ್ಮಬಂಧಕ್ಕೆ ಐದು ಕಾರಣಗಳನ್ನು ಹೇಳುವಾಗ ಮಿಥ್ಯಾದರ್ಶನದ ಬೆನ್ನಿಗೇ ಬರುವುದು ಅವಿರತಿ. ಅಂದರೆ, ಬಿಡುತ್ತೇನೆಂದು ನಿಶ್ಚಯಿಸದಿರುವುದೇ ಬಂಧಕ್ಕೆ ಕಾರಣ. ನಿದ್ದೆಯಲ್ಲಿರುವ ಕಟುಕನ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಅವನ ಕೈ ಸುಮ್ಮನಿದೆ, ಆದರೆ ಅವನು ಯಾವುದನ್ನೂ ಬಿಟ್ಟಿಲ್ಲ. ಎದ್ದ ಮೇಲೆ ಕತ್ತಿ ಹಿಡಿಯುವ ಬಾಗಿಲು ತೆರೆದೇ ಇದೆ. ವ್ರತ ಮುಚ್ಚುವುದು ಆ ಬಾಗಿಲನ್ನು.

ಶ್ರಾವಕನ ದಿಗ್ವ್ರತ ಈ ತರ್ಕವನ್ನು ಅದರ ತುದಿಯವರೆಗೆ ಒಯ್ಯುತ್ತದೆ. ಹತ್ತು ದಿಕ್ಕುಗಳಲ್ಲಿ ಇಂಥ ನದಿ, ಇಂಥ ಬೆಟ್ಟ ದಾಟಿ ಹೋಗುವುದಿಲ್ಲವೆಂದು ಗೃಹಸ್ಥ ಬದುಕಿಡೀ ಪಾಲಿಸುವ ಎಲ್ಲೆ ಹಾಕಿಕೊಳ್ಳುತ್ತಾನೆ. ಎಲ್ಲೆಯ ಒಳಗೆ ಅವನು ಅಣುವ್ರತಿ ಮಾತ್ರ. ಬೇಸಾಯ, ವ್ಯಾಪಾರ, ಅಡುಗೆ ಎಲ್ಲದರಲ್ಲೂ ಒಂದಿಷ್ಟು ಹಿಂಸೆ ನಡೆದೇ ನಡೆಯುತ್ತದೆ. ಎಲ್ಲೆಯ ಆಚೆಗೆ ಮಾತ್ರ ಅವನ ಅಣುವ್ರತವೇ ಮಹಾವ್ರತದ ಮಟ್ಟಕ್ಕೇರುತ್ತದೆ ಎನ್ನುತ್ತಾರೆ ಆಚಾರ್ಯರು, ಏಕೆಂದರೆ ಅಲ್ಲಿನ ಸಮಸ್ತ ಪಾಪದಿಂದಲೂ ಅವನು ವಿರತ. ಹೇಗಿದ್ದರೂ ಹೋಗದಿದ್ದ ಊರಿಗೆ ಹೋಗೆನೆಂದರೆ ಬಿಟ್ಟದ್ದೇನು ಎಂದು ಕೇಳುವವರಿದ್ದಾರೆ. ಆ ಊರಲ್ಲಿ ಲಾಭವಿದೆ ಎಂಬ ಸುದ್ದಿ ಬರುವ ದಿನ ಉತ್ತರ ಸಿಗುತ್ತದೆ.

ಅಂಥ ದಿನವೊಂದರ ಕತೆ ಯಮಪಾಲನದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅಹಿಂಸಾಣುವ್ರತಕ್ಕೆ ಉದಾಹರಣೆಯಾಗಿ ಹೆಸರಿಸುವುದು ರಾಜನನ್ನೂ ಅಲ್ಲ, ಶ್ರೇಷ್ಠಿಯನ್ನೂ ಅಲ್ಲ, ಒಬ್ಬ ಮಾತಂಗನನ್ನು. ಅವನ ವೃತ್ತಿಯೇ ಅಪರಾಧಿಗಳ ತಲೆ ತೆಗೆಯುವುದು. ಹಾವು ಕಚ್ಚಿದಾಗ ಮುನಿಯೊಬ್ಬರಿಂದ ಬದುಕಿಕೊಂಡ ಅವನು ಚತುರ್ದಶಿಯಂದು ಕೊಲ್ಲುವುದಿಲ್ಲವೆಂಬ ನೇಮ ಹಿಡಿದಿದ್ದ. ಅಪರಾಧ ಮಾಡಿದ ರಾಜಕುಮಾರನನ್ನು ಕೊಲ್ಲಲು ಕರೆ ಬಂದದ್ದು ಅದೇ ತಿಥಿಯಂದು. ಊರಲ್ಲಿಲ್ಲವೆಂದು ಹೇಳು ಎಂದು ಹೆಂಡತಿಗೆ ತಿಳಿಸಿ ಯಮಪಾಲ ಮನೆಯ ಮೂಲೆಯಲ್ಲಿ ಅಡಗಿಕೊಂಡ. ಇವತ್ತು ಇದ್ದಿದ್ದರೆ ರಾಜಕುಮಾರನ ಮೈಮೇಲಿನ ಚಿನ್ನವೆಲ್ಲ ಅವನದಾಗುತ್ತಿತ್ತು, ನತದೃಷ್ಟ ಎಂದರು ಭಟರು. ಹೆಂಡತಿಯ ಬಾಯಿ ಇಲ್ಲವೆಂದಿತು, ಕೈ ಮೂಲೆಯನ್ನು ತೋರಿಸಿತು. ಹಿಡಿದು ತಂದು ನಿಲ್ಲಿಸಿದಾಗಲೂ ಯಮಪಾಲ ಕತ್ತಿ ಎತ್ತಲಿಲ್ಲ. ಅವನನ್ನು ಮೊಸಳೆಗಳ ಮಡುವಿಗೆ ಎಸೆದರು. ದೇವತೆಗಳು ಅವನನ್ನು ಕಾಯ್ದರೆಂಬುದು ಕತೆಯ ಮುಕ್ತಾಯ. ಹದಿನಾಲ್ಕು ದಿನ ಕೊಲ್ಲುತ್ತಿದ್ದವನು ಒಂದು ದಿನ ಕೊಲ್ಲದಿದ್ದರೆ ಏನು ಮಹಾ ಎಂಬ ಆಕ್ಷೇಪಕ್ಕೆ ಜೈನರ ಉತ್ತರ ಈ ಕತೆಯೇ. ವಿರತಿಯ ತೂಕ ಬಿಟ್ಟದ್ದರ ಗಾತ್ರದಲ್ಲಿಲ್ಲ. ಬಿಟ್ಟವನ ಮುಂದೆ ಚಿನ್ನವೂ ಭಯವೂ ಒಟ್ಟಿಗೆ ಬಂದು ನಿಂತಾಗ ಅವನು ಎಲ್ಲಿ ನಿಂತಿದ್ದ ಎಂಬುದರಲ್ಲಿದೆ.

ಕೈ ತಡೆದೂ ಮನಸ್ಸು ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಅಪೂರ್ವವಾದ ಕಾವ್ಯವಿದೆ. ಜನ್ನ 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ, ದುಃಸ್ವಪ್ನದ ಪರಿಹಾರಕ್ಕೆ ದೇವಿಗೆ ಪ್ರಾಣಿಬಲಿ ಕೊಡು ಎಂದು ತಾಯಿ ಚಂದ್ರಮತಿ ಹೇಳಿದಾಗ ಯಶೋಧರ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವ ರಾಜಿಗೆ ತಾಯಿ ಮಗ ಬರುತ್ತಾರೆ. ಸತ್ತ ಜೀವ ಒಂದೂ ಇಲ್ಲ. ಆದರೂ ಕೊಲ್ಲುತ್ತಿದ್ದೇನೆಂಬ ಭಾವದಿಂದ ಕತ್ತಿ ಬೀಸಿದ್ದಕ್ಕೆ ಇಬ್ಬರೂ ನವಿಲೂ ನಾಯಿಯೂ ಆಗಿ ಹುಟ್ಟಿ, ಮುಂದೆ ಜನ್ಮಜನ್ಮಾಂತರ ಒಬ್ಬರಿಂದ ಒಬ್ಬರು, ಪರರಿಂದ ಇಬ್ಬರು, ನೋಯುತ್ತ ಸಾಗುತ್ತಾರೆ. ಇದು ಸಂಕಲ್ಪಹಿಂಸೆ. ಶಿಕ್ಷೆ ವಿಪರೀತ ಕಠೋರವೆಂದು ಓದುಗರಿಗೆ ಅನಿಸುವುದು ಸಹಜ. ಆದರೆ ಸಂಕಲ್ಪದಿಂದಲೇ ವ್ರತಕ್ಕೆ ಫಲ ಎಂದು ಒಪ್ಪಿದವರು ಸಂಕಲ್ಪದಿಂದಲೇ ದೋಷ ಎಂಬುದನ್ನೂ ಒಪ್ಪಬೇಕಾಗುತ್ತದೆ. ಲೆಕ್ಕ ಎರಡೂ ಕಡೆ ಒಂದೇ.

ಇನ್ನೊಂದು ಎಚ್ಚರಿಕೆಯೂ ತತ್ತ್ವಾರ್ಥಸೂತ್ರದಲ್ಲಿದೆ. ಅಹಿಂಸಾವ್ರತಕ್ಕೆ ಐದು ಅತಿಚಾರಗಳು, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳು: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನನೀರು ತಡೆಯುವುದು. ಐದನೆಯದರಲ್ಲಿ ಯಜಮಾನನ ಕೈ ಏನನ್ನೂ ಮಾಡುವುದಿಲ್ಲ. ಎತ್ತು ಕೊಟ್ಟಿಗೆಯಲ್ಲಿ ನಿಂತಿದೆ, ಹುಲ್ಲು ಅಟ್ಟದ ಮೇಲಿದೆ, ಅವನು ಇಳಿಸುವುದಿಲ್ಲ. ಅದೂ ಹಿಂಸೆ. ತಡೆಹಿಡಿಯುವುದೆಲ್ಲ ಧರ್ಮವಲ್ಲ ಎಂಬುದನ್ನು ಎರಡನೆಯ ಮಾತಿಗೆ ಎಡೆಯಿಲ್ಲದಂತೆ ಹೇಳುವ ಸೂತ್ರ ಇದು. ತನ್ನ ಆಸೆಯನ್ನು ತಡೆದುಕೊಂಡರೆ ವಿರತಿ, ಇನ್ನೊಬ್ಬರ ಪಾಲನ್ನು ತಡೆದರೆ ಕ್ರೌರ್ಯ. ಕೂಲಿ ತಡೆಹಿಡಿಯುವುದು, ಹೇಳಬೇಕಾದ ಸತ್ಯವನ್ನು ತಡೆಹಿಡಿಯುವುದು ಈ ಐದನೆಯದರ ಸಾಲಿಗೇ ಸೇರಬೇಕು.

ಬೌದ್ಧರು ವಿರತಿ ಹುಟ್ಟುವ ಬಗೆಗಳನ್ನು ಬಿಡಿಸಿ ನೋಡಿದರು. ಐದನೆಯ ಶತಮಾನದ ಬುದ್ಧಘೋಷನ ಸಂಪ್ರದಾಯದಲ್ಲಿ ಅವು ಮೂರು. ವ್ರತವನ್ನೇನೂ ಹಿಡಿಯದವನು, ಸಂದರ್ಭ ಎದುರಾದಾಗ ಇದು ತನಗೆ ತಕ್ಕದ್ದಲ್ಲವೆಂದು ಹಿಂದೆ ಸರಿದರೆ ಸಂಪತ್ತವಿರತಿ. ಮೊದಲೇ ಶೀಲ ಸ್ವೀಕರಿಸಿ, ಪ್ರಾಣಕ್ಕೆ ಬಂದರೂ ಮೀರದಿದ್ದರೆ ಸಮಾದಾನವಿರತಿ. ಆರ್ಯಮಾರ್ಗ ದೊರೆತು, ಕೊಲ್ಲಬೇಕೆಂಬ ಯೋಚನೆಯೇ ಮತ್ತೆ ಹುಟ್ಟದಂತೆ ಬೇರು ಕಡಿದಿದ್ದರೆ ಸಮುಚ್ಛೇದವಿರತಿ. ಮೊದಲನೆಯದಕ್ಕೆ ಕೊಡುವ ಉದಾಹರಣೆ ಸಿಂಹಳದ ಚಕ್ಕನನೆಂಬ ಉಪಾಸಕನದು. ಅವನಿನ್ನೂ ಹುಡುಗ. ತಾಯಿಯ ಕಾಯಿಲೆಗೆ ಮೊಲದ ಹಸಿ ಮಾಂಸ ಬೇಕೆಂದು ವೈದ್ಯ ಹೇಳಿದ; ಅಣ್ಣ ತಮ್ಮನನ್ನು ಹೊಲಕ್ಕೆ ಅಟ್ಟಿದ. ಎಳೆಪೈರು ಮೇಯಲು ಬಂದಿದ್ದ ಮೊಲ ಓಡುವಾಗ ಬಳ್ಳಿಗೆ ಸಿಕ್ಕಿಕೊಂಡಿತು, ಹುಡುಗ ಹಿಡಿದ. ತಾಯಿಯ ಜೀವಕ್ಕಾಗಿ ಇನ್ನೊಂದರ ಜೀವ ತೆಗೆಯುವುದು ಸರಿಯಲ್ಲವೆನಿಸಿ ಬಿಟ್ಟುಬಿಟ್ಟ. ಅಣ್ಣ ಬೈದ. ಹುಡುಗ ತಾಯಿಯ ಬಳಿ ನಿಂತು, ಹುಟ್ಟಿದಂದಿನಿಂದ ತಿಳಿದು ಯಾವ ಜೀವವನ್ನೂ ತೆಗೆದಿಲ್ಲವೆಂದು ಸತ್ಯ ನುಡಿದ, ತಾಯಿ ಗುಣವಾದಳು. ಪವಾಡವನ್ನು ನಂಬದವರಿಗೂ ಕತೆಯ ನಡುವಿನ ಆ ಗಳಿಗೆ ಮುಖ್ಯ. ಗುರುವಿಲ್ಲ, ವ್ರತವಿಲ್ಲ, ನೋಡುವವರಿಲ್ಲ. ತಾಯಿಯ ಮೇಲಿನ ಪ್ರೀತಿಯೇ ಕೊಲ್ಲು ಎನ್ನುತ್ತಿದೆ.

ಹಿಡಿದ ಶೀಲ ನಿದ್ದೆಯಲ್ಲಿ ಎಲ್ಲಿರುತ್ತದೆ ಎಂಬ ಪ್ರಶ್ನೆ ಬೌದ್ಧರಲ್ಲಿ ದೊಡ್ಡ ವಿವಾದವಾಯಿತು. ಭಿಕ್ಷು ಮಲಗಿದಾಗಲೂ ಭಿಕ್ಷುವೇ. ಆದರೆ ಆಗ ಅವನಲ್ಲಿ ಯಾವ ಸಂಕಲ್ಪವೂ ಎಚ್ಚರವಾಗಿಲ್ಲ. ದೀಕ್ಷೆಯ ಹೊತ್ತಿನಲ್ಲಿ ಅವಿಜ್ಞಪ್ತಿಯೆಂಬ, ಕಣ್ಣಿಗೆ ಕಾಣದ ರೂಪವೊಂದು ಹುಟ್ಟಿ ಹರಿಯುತ್ತಲೇ ಇರುತ್ತದೆ ಎಂದರು ಸರ್ವಾಸ್ತಿವಾದಿಗಳು. ಅದಿಲ್ಲದಿದ್ದರೆ ವಿರತಿಯನ್ನು ದುಶ್ಶೀಲಕ್ಕೆ ಅಡ್ಡಲಾಗಿ ನಿಂತ ಕಟ್ಟೆಯೆಂದು ಕರೆಯುವುದು ಹೇಗೆ, ಇಲ್ಲದ ಕಟ್ಟೆ ನೀರು ತಡೆಯುತ್ತದೆಯೇ ಎಂಬುದು ಅವರ ವಾದಗಳಲ್ಲೊಂದು. ಸೌತ್ರಾಂತಿಕರು ಒಪ್ಪಲಿಲ್ಲ. ಮಾಡೆನೆಂದು ಒಮ್ಮೆ ನಿಶ್ಚಯಿಸಿದ ಮನಸ್ಸಿನ ಸಂತಾನವೇ ಮಾರ್ಪಟ್ಟಿರುತ್ತದೆ, ಸಂದರ್ಭ ಬಂದಾಗ ನಿಶ್ಚಯ ನೆನಪಾಗಿ ತಡೆಯುತ್ತದೆ, ಬೇರೆ ದ್ರವ್ಯವೇಕೆ ಎಂದು ಕೇಳಿದರು. ವಸುಬಂಧುವಿನ ಅಭಿಧರ್ಮಕೋಶದ ನಾಲ್ಕನೆಯ ಅಧ್ಯಾಯದಲ್ಲಿ ಈ ವಾದ ಸವಿಸ್ತಾರವಾಗಿದೆ. ಸೌತ್ರಾಂತಿಕರ ಮಾತೇ ಬದುಕಿನ ಅನುಭವಕ್ಕೆ ಹತ್ತಿರ: ವ್ರತವನ್ನು ಕಾಯುವುದು ಸ್ಮೃತಿ.

ವೇದಾಂತದಲ್ಲಿ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ. ನಿತ್ಯಕರ್ಮವನ್ನು ಮಾಡದಿದ್ದರೆ ಪಾಪ ಹುಟ್ಟುತ್ತದೆಯೇ? ಮಾಡದಿರುವುದು ಅಭಾವ, ಅಭಾವದಿಂದ ಭಾವರೂಪದ ಪಾಪ ಹುಟ್ಟಲಾರದು ಎಂದು ಶಂಕರರು ತೈತ್ತಿರೀಯ ಭಾಷ್ಯದ ಪೀಠಿಕೆಯಲ್ಲಿ ವಾದಿಸುತ್ತಾರೆ. ಮಾಡದಿರುವುದು ಹಿಂದೆ ಕೂಡಿಟ್ಟ ದುರಿತದ ಗುರುತಾಗಬಹುದು, ಕಾರಣವಾಗದು. ಹಾಗೆಂದು ಸುಮ್ಮನೆ ಕುಳಿತವನನ್ನೂ ಅವರು ಬಿಡುವುದಿಲ್ಲ. ಏನೂ ಮಾಡದೆ ಸುಖವಾಗಿದ್ದೇನೆ ಎಂಬ ಭಾವದಲ್ಲೂ ನಾನೆಂಬುದು ಕೂತಿದೆ ಎಂದು ಗೀತೆಯ ನಾಲ್ಕನೆಯ ಅಧ್ಯಾಯದ ಭಾಷ್ಯ ತೋರಿಸುತ್ತದೆ. ಗೀತೆಯಂತೂ ಎರಡು ಕಡೆ ಈ ಗಾಯವನ್ನೇ ಮುಟ್ಟುತ್ತದೆ: ಉಪವಾಸವಿದ್ದವನಿಂದ ವಿಷಯಗಳು ದೂರವಾದರೂ ರುಚಿ ಉಳಿದಿರುತ್ತದೆ, ಕೈಕಾಲು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ನೆನೆಯುವವನು ಮಿಥ್ಯಾಚಾರಿ.

ಈ ಎಳೆಯನ್ನು 12ನೇ ಶತಮಾನದಲ್ಲಿ ಬಸವಣ್ಣ ತನ್ನ ರೀತಿಯಲ್ಲಿ ಹಿಡಿದ. ಇಂದ್ರಿಯಗಳನ್ನು ನಿಗ್ರಹಿಸಿದರೆ ದೋಷಗಳೇ ಅಂಟುತ್ತವೆ, ಅದುಮಿದ ಇಂದ್ರಿಯಗಳು ಮುಂದೆ ಬಂದು ಕಾಡುತ್ತವೆ ಎಂಬುದು ಅವನ ಒಂದು ವಚನದ ತಾತ್ಪರ್ಯ. ಭಕ್ತ ದಂಪತಿ ಸಿರಿಯಾಳ ಚಂಗಳೆಯರು ದಾಂಪತ್ಯಸುಖವನ್ನು ಬಿಟ್ಟಿದ್ದರೇ ಎಂದು ಅದೇ ವಚನದಲ್ಲಿ ಕೇಳುತ್ತಾನೆ. ಹಾಗಾದರೆ ಎಲ್ಲಕ್ಕೂ ಬಿಡುಗಡೆಯೇ? ಅಲ್ಲ. ಪರಧನ ಪರಸತಿಯರನ್ನು ಬಯಸಿದರೆ ದೇವರ ಪಾದಕ್ಕೆ ದೂರ ಎಂದು ಮುಗಿಸುತ್ತಾನೆ. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಹೇಳುವ ಅವನ ಪ್ರಸಿದ್ಧ ವಚನ ಕೂಡ ಏಳು ಬೇಡಗಳ ಮೇಲೆಯೇ ನಿಂತಿದೆ, ಮತ್ತು ಆ ಏಳರಲ್ಲಿ ಹೆಚ್ಚಿನವು ಇನ್ನೊಬ್ಬರಿಗೆ ನೋವಾಗುವ ಕೆಲಸಗಳು. ಅಂದರೆ ನಿಗ್ರಹ ಬೇರೆ, ವಿರತಿ ಬೇರೆ. ಒಂದು ತನ್ನ ಸ್ವಭಾವದ ಮೇಲೆ ಹೂಡುವ ಯುದ್ಧ. ಇನ್ನೊಂದು ಇನ್ನೊಬ್ಬರ ಪಾಲಿನ ಬೇಲಿಯನ್ನು ದಾಟದಿರುವ ನಡತೆ. ಗೃಹಸ್ಥರಿಗೆ ಇದಕ್ಕಿಂತ ಆರೋಗ್ಯಕರವಾದ ಮಾತನ್ನು ಬೇರೆ ಪರಂಪರೆಗಳಲ್ಲಿ ಕಾಣುವುದು ಕಷ್ಟ.

ಗ್ರೀಸಿನ ಅರಿಸ್ಟಾಟಲ್ ಕೂಡ ಇಬ್ಬರನ್ನು ಬೇರ್ಪಡಿಸಿದ್ದ: ಕೆಟ್ಟ ಆಸೆ ಎಳೆಯುತ್ತಿದ್ದರೂ ಬುದ್ಧಿಯಿಂದ ತಡೆದುಕೊಳ್ಳುವವನು ಒಬ್ಬ, ಆ ಆಸೆಯೇ ಇಲ್ಲದವನು ಇನ್ನೊಬ್ಬ. ಎರಡನೆಯವನೇ ಮೇಲೆಂದು ಅವನ ತೀರ್ಪು. ಸಮುಚ್ಛೇದವಿರತಿಯನ್ನು ತುದಿಯಲ್ಲಿಟ್ಟ ಬೌದ್ಧರದೂ ಅದೇ ತೀರ್ಪು. ಆದರೆ ಯಮಪಾಲನಂಥವರನ್ನು ನೆನೆಯುವಾಗ ಹೃದಯ ಮೊದಲನೆಯವನ ಕಡೆಗೇ ವಾಲುತ್ತದೆ, ವಾಲಬೇಕಾದ್ದೂ ಹೌದು. ಹೆಚ್ಚಿನ ಮನುಷ್ಯರು ಇರುವುದು ಅಲ್ಲೇ.

ಈ ಎಲ್ಲ ವಿಚಾರಗಳನ್ನು ಒಂದೇ ಕಡೆ ಪರೀಕ್ಷೆಗೆ ಒಡ್ಡುವುದು ಸಲ್ಲೇಖನ. ಮುಪ್ಪು, ವಾಸಿಯಾಗದ ರೋಗ, ಪಾರಾಗಲಾರದ ಕ್ಷಾಮ ಬಂದಾಗ ಕ್ರಮಕ್ರಮವಾಗಿ ಆಹಾರ, ಆಮೇಲೆ ನೀರು ಬಿಟ್ಟು ದೇಹವನ್ನು ಇಳಿಸುವ ವ್ರತ ಅದು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಯ ಯತ್ನವೆಂದು, ಅದಕ್ಕೆ ನೆರವಾಗುವುದನ್ನು ಆತ್ಮಹತ್ಯೆಗೆ ಪ್ರಚೋದನೆಯೆಂದು ಪರಿಗಣಿಸಬೇಕೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಉಣ್ಣದಿರುವುದು ತನ್ನನ್ನು ಕೊಲ್ಲುವ ಕೆಲಸವೋ, ಉಣ್ಣುವುದರಿಂದ ವಿರತನಾಗುವುದೋ ಎಂಬುದು ಆ ವಿವಾದದ ತಿರುಳು. ವಿಷ, ಶಸ್ತ್ರಗಳಿಂದ ಸಾಯುವವನಲ್ಲಿ ರಾಗದ್ವೇಷಗಳಿರುತ್ತವೆ, ಸಲ್ಲೇಖನದಲ್ಲಿ ಅವಿಲ್ಲ ಎಂಬುದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಉತ್ತರ. ತತ್ತ್ವಾರ್ಥಸೂತ್ರ ಈ ವ್ರತಕ್ಕೂ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಮೊದಲನೆಯದು, ಬೇಗ ಸಾಯಬೇಕೆಂಬ ಆಸೆ ಎರಡನೆಯದು, ಮಿತ್ರರ ಮೇಲಿನ ಅನುರಾಗ ಮೂರನೆಯದು. ಹಿಂದಿನ ಸುಖಗಳ ನೆನಪು ಮತ್ತು ಮುಂದಿನ ಜನ್ಮದ ಭೋಗದ ಬಯಕೆ ಉಳಿದೆರಡು. ಅನ್ನ ಬಿಟ್ಟವರು ಸಾವಿನ ಬಯಕೆಯನ್ನೂ ಬಿಟ್ಟಿರಬೇಕು.

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಆಚೆಗೆ ಹೀಗೆ ದೇಹ ಬಿಟ್ಟವರ ಶಾಸನಗಳು ಸಾಲುಗಟ್ಟಿವೆ. ಮುನಿಗಳು, ಆರ್ಯಿಕೆಯರು, ಗೃಹಸ್ಥರು, ಎಲ್ಲರೂ ಅಲ್ಲಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಸ್ವೀಕರಿಸಿ ಉಪವಾಸದಿಂದ ದೇಹ ಬಿಟ್ಟದ್ದೂ ಅಲ್ಲಿನ ಶಾಸನದಲ್ಲಿದೆ. ಮಗಳನ್ನು ಕಳೆದುಕೊಂಡ ದುಃಖ ಎಲ್ಲಿ ಮುಗಿಯಿತು, ವ್ರತ ಎಲ್ಲಿ ಶುರುವಾಯಿತು ಎಂದು ಹೊರಗಿನವರು ಗೆರೆ ಎಳೆಯಲಾರರು. ಅನುರಾಗವೂ ಅತಿಚಾರವೆಂದ ಸೂತ್ರವನ್ನು ಅವಳ ಗುರುಗಳು ಬಲ್ಲವರೇ. ಆದರೂ ಅವರು ಅವಳಿಗೆ ವ್ರತ ಕೊಟ್ಟರು, ಕೊನೆಯವರೆಗೂ ಬಳಿಯಲ್ಲಿದ್ದರು. ಅವಳ ಉಪವಾಸ ವಿರತಿಯೇ ಎಂಬ ನಿರ್ಣಯ ಅಲ್ಲಿಯೇ, ಅವಳನ್ನು ಕಣ್ಣಾರೆ ನೋಡುತ್ತಿದ್ದವರಿಂದಲೇ ಆಯಿತು.